ಒಂದೇ ಗಾಡಿ, ಎರಡು ಹವಾಮಾನ

ಪ್ರಶ್ನೆ: ನಾನು ದಾವಣಗೆರೆಯವಳು, ಮಿನ್ನಿಯಾಪೊಲಿಸ್‌ಗೆ ಬಂದು ಆರು ವರ್ಷವಾಯಿತು. ನಾಲ್ಕು ವರ್ಷದ ಮಗ, ಹತ್ತು ತಿಂಗಳ ಮಗಳು ಇದ್ದಾರೆ. ಮಗಳಿಗೆ ಏಳು ತಿಂಗಳು ತುಂಬಿದ ಮೇಲೆ ಅವಳನ್ನು ಜಾಗಿಂಗ್ ಸ್ಟ್ರಾಲರ್‌ನಲ್ಲಿ ಕೂರಿಸಿಕೊಂಡು ಕೆರೆ ಸುತ್ತ ಓಡುತ್ತಿದ್ದೆ. ಈಗ ಡಿಸೆಂಬರ್, ಬೆಳಗ್ಗೆ ಮೈನಸ್ 15 ಡಿಗ್ರಿ. ಓಡದಿದ್ದರೆ ನನ್ನ ತಲೆ ನೆಟ್ಟಗಿರುವುದಿಲ್ಲ. ಓಡಿದರೆ ಊರಿನಿಂದ ಅಮ್ಮ ಬೈಯುತ್ತಾರೆ: "ಮಗೂಗೆ ಹಾಲು ಕುಡಿಸೋಳು, ಕಿವಿಗೆ ಗಾಳಿ ಹೊಕ್ರೆ ಏನ್ ಗತಿ!" ಇಂಥ ಚಳಿಯಲ್ಲಿ ಓಡಿದರೆ ಎದೆಯೊಳಗೆ ಹೆಪ್ಪುಗಟ್ಟುತ್ತದೆಯೇ? ಮಗಳನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಎದೆಯೊಳಗೆ ಏನೂ ಹೆಪ್ಪುಗಟ್ಟುವುದಿಲ್ಲ. ಅದೇ ಊರಿನಲ್ಲಿ ಏಳು ಚಳಿಗಾಲ ಕಳೆದವಳು ನಾನು, ಮೊದಲ ವರ್ಷ ನನಗೂ ಇದೇ ಭಯವಿತ್ತು. ಒಳಗೆ ಹೋಗುವ ಗಾಳಿ ಮೂಗು, ಗಂಟಲು ದಾಟುವಷ್ಟರಲ್ಲೇ ಬೆಚ್ಚಗಾಗಿಬಿಡುತ್ತದೆ. ತೊಂದರೆ ಕೊಡುವುದು ಅದರ ಶುಷ್ಕತೆ. ಅಷ್ಟು ತಣ್ಣನೆಯ ಗಾಳಿಯಲ್ಲಿ ತೇವ ಇರುವುದಿಲ್ಲ, ಹಾಗಾಗಿ ಅದು ಶ್ವಾಸನಾಳದ ತೇವವನ್ನು ಹೀರಿಕೊಳ್ಳುತ್ತದೆ. ಓಡಿ ಬಂದ ಮೇಲೆ ಬರುವ ಒಣ ಕೆಮ್ಮು ಇದರದ್ದೇ. ಅಸ್ತಮಾ ಇದ್ದವರಿಗೆ ಇದು ಸಣ್ಣ ವಿಷಯವಲ್ಲ, ಅವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಉಳಿದವರಿಗೆ ಮೂಗಿನವರೆಗೆ ಏರಿಸಿಕೊಳ್ಳುವ ಒಂದು ಕತ್ತುಪಟ್ಟಿ ಸಾಕು. ಹತ್ತು ನಿಮಿಷಕ್ಕೆ ಅದು ನಿಮ್ಮದೇ ಉಸಿರಿಗೆ ಒದ್ದೆಯಾಗಿ ಗಡ್ಡೆಕಟ್ಟುತ್ತದೆ, ಅಸಹ್ಯವೆನಿಸುತ್ತದೆ. ಸಹಿಸಿಕೊಳ್ಳಿ.

ಇನ್ನು ಅಮ್ಮನ ಮಾತು. ಬಾಣಂತಿಯ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿಯುವ ನಮ್ಮ ಮನೆಗಳ ಪದ್ಧತಿಯನ್ನು ನಾನೂ ಒಂದು ಕಾಲದಲ್ಲಿ ನಕ್ಕು ತಳ್ಳಿಹಾಕಿದವಳೇ. ಆದರೆ ಕಿವಿಯ ವಿಷಯದಲ್ಲಿ ನೀವಿರುವ ಮಿನ್ನೆಸೋಟ ರಾಜ್ಯ ನಿಮ್ಮ ಅಮ್ಮನ ಪಕ್ಷ. ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುವುದು, ಮೊದಲು ಹಿಡಿಯುವುದು ಕಿವಿ, ಮೂಗಿನ ತುದಿ, ಕೆನ್ನೆ, ಬೆರಳುಗಳನ್ನು. ಮೈ ಒಳಗಿನ ಬಿಸಿ ಉಳಿಸಿಕೊಳ್ಳಲು ದೇಹ ಈ ಅಂಚುಗಳಿಗೆ ರಕ್ತ ಹೋಗುವುದನ್ನು ತಗ್ಗಿಸುತ್ತದೆ. ಉರಿಯುತ್ತಿದ್ದ ಕಿವಿ ಇದ್ದಕ್ಕಿದ್ದಂತೆ ಜೋಮು ಹಿಡಿದು ನೋವು ನಿಂತರೆ ಸಮಾಧಾನಪಡಬೇಡಿ, ಮನೆಗೆ ತಿರುಗಿ. ಹಾಲಿನ ಬಗ್ಗೆ ಮಾತ್ರ ಅಮ್ಮನ ಆತಂಕಕ್ಕೆ ಆಧಾರವಿಲ್ಲ: ಹದವಾದ ಓಟದಿಂದ ಹಾಲು ಕಡಿಮೆಯಾಗುವುದಿಲ್ಲ, ಕೆಡುವುದೂ ಇಲ್ಲ. ಕುಡಿಸಿ ಹೊರಟರೆ ಓಡಲು ಹಗುರ, ಅಷ್ಟೆ. (ಈಗಷ್ಟೇ ಹೆತ್ತವರು ಇದನ್ನು ಓದುತ್ತಿದ್ದರೆ: ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಹೊರತಂದ ಮಾರ್ಗಸೂಚಿ ಹೆರಿಗೆಯಾಗಿ ಕನಿಷ್ಠ 12 ವಾರ ಓಡಬೇಡಿ ಎನ್ನುತ್ತದೆ. ನಮ್ಮ ಮೂರು ತಿಂಗಳ ಬಾಣಂತನವೂ ಹೆಚ್ಚುಕಡಿಮೆ ಅಷ್ಟೇ.)

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಜಾಗಿಂಗ್ ಸ್ಟ್ರಾಲರ್ ಹುಟ್ಟಿದ್ದೇ ನಿಮ್ಮಂಥ ಒಬ್ಬ ಪೋಷಕನ ಹಟದಿಂದ. 1984ರಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಫಿಲ್ ಬೇಕ್ಲರ್ ಎಂಬಾತ ಮಗುವಿನ ಗಾಡಿಗೆ ಸೈಕಲ್ ಚಕ್ರ ಹಾಕಿ ಓಡಿದ. ಒಳ್ಳೆಯ ಉಪಾಯವೇ. ಆದರೆ ಆ ಗಾಡಿಯನ್ನು ತಳ್ಳುವವಳು ಒಂದು ಹವಾಮಾನದಲ್ಲಿರುತ್ತಾಳೆ, ಅದರಲ್ಲಿ ಕೂತವಳು ಇನ್ನೊಂದರಲ್ಲಿ.

ಓಡುವ ದೇಹ ಒಲೆ. ಹತ್ತು ನಿಮಿಷ ಕಳೆದ ಮೇಲೆ ಹೊರಗೆ ಹತ್ತು ಡಿಗ್ರಿ ಹೆಚ್ಚಿದೆಯೇನೋ ಎನಿಸುತ್ತದೆ. ಅದಕ್ಕೇ ಮನೆ ಬಾಗಿಲಲ್ಲಿ ಸ್ವಲ್ಪ ನಡುಗುವಷ್ಟು ಬಟ್ಟೆ ಹಾಕಿಕೊಂಡು ಹೊರಡಿ ಎಂದು ಅಲ್ಲಿನ ಓಟಗಾರರು ಹೇಳುತ್ತಾರೆ. ಮಗಳು ಮಾತ್ರ ಕೈಕಾಲು ಆಡಿಸದೆ ಕೂತಿರುತ್ತಾಳೆ. ತೂಕಕ್ಕೆ ಹೋಲಿಸಿದರೆ ಎಳೆಯ ಮಕ್ಕಳ ಚರ್ಮದ ಹರವು ನಮಗಿಂತ ಹೆಚ್ಚು, ಆದ್ದರಿಂದ ಬಿಸಿ ಸೋರುವುದೂ ಬೇಗ. ಅದರ ಮೇಲೆ ನಿಮ್ಮ ಓಟವೇ ಅವಳ ಮುಖಕ್ಕೆ ಗಾಳಿ ಬೀಸುತ್ತದೆ. ವಿಂಡ್‌ಚಿಲ್ ಪಟ್ಟಿ ನೋಡಿ: ಮೈನಸ್ 15ರಲ್ಲಿ ಗಂಟೆಗೆ 10 ಕಿಲೋಮೀಟರ್ ಗಾಳಿ ಇದ್ದರೆ ಬರಿ ಚರ್ಮಕ್ಕೆ ಅದು ಮೈನಸ್ 21. ಎಲೆ ಅಲುಗಾಡದ ದಿನವೂ ನೀವು ಸಾಧಾರಣ ವೇಗದಲ್ಲಿ ಓಡಿದರೆ ಅವಳ ಪಾಲಿಗೆ ಅಷ್ಟು ಗಾಳಿ ಹುಟ್ಟುತ್ತದೆ. "ಫಿನ್‌ಲೆಂಡಿನವರು ಮಕ್ಕಳನ್ನು ಚಳಿಯಲ್ಲೇ ಹೊರಗೆ ಮಲಗಿಸುತ್ತಾರಲ್ಲ" ಎಂದು ನಿಮ್ಮ ಸ್ನೇಹಿತೆಯರು ಹೇಳಬಹುದು. ಮಲಗಿಸುತ್ತಾರೆ, ನಿಜ. ಆದರೆ ಗಾಳಿ ಬೀಸದ ಮೂಲೆಯಲ್ಲಿ, ಉಣ್ಣೆಯಲ್ಲಿ ಸುತ್ತಿ, ನಿಂತ ಗಾಡಿಯಲ್ಲಿ.

ಹಾಗಾಗಿ ಮೈನಸ್ 15ರಲ್ಲಿ ಮಗಳು ಬೇಡ. ನಾನು ನನಗೇ ಹಾಕಿಕೊಂಡಿದ್ದ ಗೆರೆ ಮೈನಸ್ 5, ಅದೂ ಬಿಸಿಲಿದ್ದು ಗಾಳಿ ಇಲ್ಲದಿದ್ದರೆ, ಅರ್ಧ ಗಂಟೆಯೊಳಗೆ. ಇದು ಯಾವ ವೈದ್ಯರ ಲೆಕ್ಕವೂ ಅಲ್ಲ, ಒಬ್ಬ ತಾಯಿಯ ಪುಕ್ಕಲುತನ. ಅಂಥ ದಿನಗಳಲ್ಲಿ ಕರೆದೊಯ್ದರೆ ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟ್ ಹಾಕಬೇಡಿ, ಒಳಗೆ ಸಡಿಲವಾಗುತ್ತದೆ. ಬೆಲ್ಟ್ ಬಿಗಿದು ಅದರ ಮೇಲೆ ಕಂಬಳಿ ಹೊದಿಸಿ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಗಾಳಿಕಿಂಡಿ ತೆರೆದಿರಲಿ. ಉದ್ದನೆಯ ಮಫ್ಲರ್ ಬೇಡ, ಕಿವಿ ಮುಚ್ಚುವ ಕುಲಾವಿ ಸಾಕು. ಆಗಾಗ ನಿಂತು ಬೆರಳನ್ನು ಕತ್ತಿನ ಹಿಂಬದಿಗೆ ತೂರಿಸಿ ನೋಡಿ. ಕೈ ತಣ್ಣಗಿರುವುದು ಮಾಮೂಲು, ಕತ್ತು ತಣ್ಣಗಿದ್ದರೆ ಓಟ ಮುಗಿಯಿತು.

ಮಗನ ವಿಷಯ ನೀವು ಕೇಳಲಿಲ್ಲ. ನಾಲ್ಕು ವರ್ಷದವನಿಗೆ ಸ್ನೋ ಪ್ಯಾಂಟ್, ಬೂಟು, ಗ್ಲೌಸು ಎಲ್ಲ ತೊಡಿಸಿ, ಕತ್ತಿನವರೆಗೆ ಜಿಪ್ ಎಳೆದ ಮರುಕ್ಷಣ "ಅಮ್ಮ, ಸುಸ್ಸು" ಎನ್ನುತ್ತಾನೆ ಎಂದು ಗೊತ್ತಿರುವುದರಿಂದ ನಾನೂ ಆ ಮಾತು ಎತ್ತುವುದಿಲ್ಲ.

ನಿಮ್ಮ ಪತ್ರದಲ್ಲಿ ಅಮ್ಮ ಇದ್ದಾರೆ, ಮಕ್ಕಳಿದ್ದಾರೆ, ಕೆರೆ ಇದೆ, ಥರ್ಮಾಮೀಟರ್ ಇದೆ. ಗಂಡ ಎಲ್ಲಿ? ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಮನೆಯಲ್ಲೇ ಇದ್ದರೆ, ನಿಮಗೆ ಬೇಕಾಗಿರುವುದು ಹೊಸ ಜಾಕೆಟ್ ಅಲ್ಲ, ವಾರಕ್ಕೆ ಮೂರು ಬೆಳಗು, ತಲಾ ನಲವತ್ತು ನಿಮಿಷ, ಅವರ ಕೈಯಲ್ಲಿ ಮಕ್ಕಳು. ಚಳಿಗೆ ಬಟ್ಟೆ ಅಂಗಡಿಯಲ್ಲಿ ಸಿಗುತ್ತದೆ, ನಲವತ್ತು ನಿಮಿಷವನ್ನು ಕೇಳಿಯೇ ಪಡೆಯಬೇಕು. ನಾನು ಕೇಳಲು ಎರಡು ಚಳಿಗಾಲ ತೆಗೆದುಕೊಂಡೆ, ನನ್ನವರು ಒಪ್ಪಲು ತೆಗೆದುಕೊಂಡದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು.

ಒಬ್ಬರೇ ಹೊರಟರೆ ಮೈನಸ್ 15 ಓಡಬಹುದಾದ ಚಳಿಯೇ. ಮೈಗೆ ಅಂಟುವ ಬಟ್ಟೆ ಹತ್ತಿಯದಾಗಿರಬಾರದು: ಹತ್ತಿ ಬೆವರು ಕುಡಿದು ಒದ್ದೆಯಾಗಿ ಕೂರುತ್ತದೆ, ನೀವು ನಿಂತ ಕೂಡಲೇ ಮಂಜಿನ ಪಟ್ಟಿಯಾಗುತ್ತದೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಗಾಳಿ ತಡೆಯುವ ಒಂದು ಪದರ, ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್. ಮೊದಲರ್ಧ ಗಾಳಿಗೆ ಎದುರಾಗಿ ಓಡಿ, ಮರಳುವಾಗ ಗಾಳಿ ಬೆನ್ನಿಗಿರಲಿ. ಮೈ ಬೆವರಿದ ಮೇಲೆ ಎದುರುಗಾಳಿ ಸಿಕ್ಕರೆ ಹಲ್ಲು ಕಟಕಟ ಎನ್ನುತ್ತದೆ. ವಿಂಡ್‌ಚಿಲ್ ಮೈನಸ್ 28ಕ್ಕಿಂತ ಕೆಳಗಿಳಿದರೆ ತೆರೆದ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದು. ಆ ದಿನ ಟ್ರೆಡ್‌ಮಿಲ್ ಅಥವಾ ಮನೆಯ ಮೆಟ್ಟಿಲು.

ನನ್ನನ್ನು ಕೆಡವಿದ್ದು ಚಳಿಯಲ್ಲ, ನೆಲ. ಬ್ಡೆ ಮಕಾ ಸ್ಕಾ ಕೆರೆಯ ಸುತ್ತ ಸುಮಾರು 5 ಕಿಲೋಮೀಟರ್ ದಾರಿಯಲ್ಲಿ ಹಿಮ ತೆಗೆದಿರುತ್ತಾರೆ, ಆದರೆ ಹಗಲು ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗಿ ಕಣ್ಣಿಗೆ ಕಾಣದ ಗಾಜಾಗಿರುತ್ತದೆ. ಒಂದು ಫೆಬ್ರವರಿಯಲ್ಲಿ ಜಾರಿ ಮೊಣಕೈ ಊರಿಕೊಂಡು ಬಿದ್ದೆ, ಆರು ವಾರ ಮಗುವನ್ನು ಒಂದೇ ಕೈಯಲ್ಲಿ ಎತ್ತಿದೆ. ಶೂಗೆ ಸಿಕ್ಕಿಸುವ ಮುಳ್ಳುಪಟ್ಟಿ ಕೊಳ್ಳಿ, ಹೆಜ್ಜೆ ಚಿಕ್ಕದಾಗಿಡಿ, ವೇಗ ಮರೆತುಬಿಡಿ. ಡಿಸೆಂಬರಿನ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7.50ಕ್ಕೆ, ಆದ್ದರಿಂದ ಹಣೆಗೆ ದೀಪ, ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ.

ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಹೊರಜೇಬಿನಲ್ಲಿಟ್ಟರೆ ಚಳಿಗೆ ಬ್ಯಾಟರಿ ಅರ್ಧ ದಾರಿಯಲ್ಲೇ ಸಾಯುತ್ತದೆ. ನೀವು ಕೆರೆಯ ದಂಡೆಯಲ್ಲಿರುವ ಬೆಳಗಿನ ಏಳು ಗಂಟೆ ದಾವಣಗೆರೆಯಲ್ಲಿ ಸಂಜೆ ಆರೂವರೆ, ದೇವರ ಮುಂದೆ ದೀಪ ಹಚ್ಚಿ ಅಮ್ಮ ಫೋನು ಕೈಗೆತ್ತಿಕೊಳ್ಳುವ ಹೊತ್ತು. ಎರಡನೇ ರಿಂಗಿಗೆ ಎತ್ತದಿದ್ದರೆ ಏನಾಗುತ್ತದೆಂದು ನಿಮಗೇ ಗೊತ್ತು.