ಅಮ್ಮನ ಪಕ್ಕದ ಸೀಟಿನಲ್ಲಿ ನೀನೇ ಕೂತುಕೋ

ಪುಟ್ಟೀ,

ಜೂನಿನಲ್ಲಿ ನೀವೆಲ್ಲ ಸ್ಕಾಟ್ಲೆಂಡಿನ ಹೈಲ್ಯಾಂಡ್ಸಿಗೆ ಹೊರಟಿದ್ದೀರಿ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಎಡಿನ್‌ಬರೋದಿಂದ ಟೂರ್ ಬಸ್ಸು, ಐದು ದಿನ, ಮೊದಲು ಸ್ಕೈ ದ್ವೀಪ, ಆಮೇಲೆ ಹ್ಯಾರಿಸ್, ಲೂಯಿಸ್. ಜೊತೆಗೆ ಎಪ್ಪತ್ತಾರರ ಅಮ್ಮ, ಮಂಡಿನೋವಿನ ಅಪ್ಪ, ಎರಡು ಮಕ್ಕಳು. ಎರಡು ವರ್ಷದ ಹಿಂದೆ ಮಗ ಸೊಸೆಯ ಜೊತೆ ಇದೇ ದಾರಿಯಲ್ಲಿ ಹೋಗಿಬಂದವಳು ನಾನು. ಅದಕ್ಕೇ ಈ ಕಾಗದ.

ಕಾರು ಮಾಡಿಕೊಂಡು ನಾವೇ ಹೋಗೋಣ ಅಂತ ಅಳಿಯಂದಿರು ಅಂದಿದ್ದರಂತೆ. ಬಸ್ಸೇ ಸರಿ. ದ್ವೀಪಗಳಲ್ಲಿ ಬಹಳ ಕಡೆ ಒಂದೇ ಗಾಡಿ ಹಿಡಿಸುವಷ್ಟು ರಸ್ತೆ. ಎದುರಿಗೆ ಗಾಡಿ ಬಂದರೆ ಬದಿಯಲ್ಲಿ ಬಿಟ್ಟಿರುವ ಜಾಗದಲ್ಲಿ ನಿಂತು ದಾರಿ ಕೊಡಬೇಕು. ಓಡಿಸುವವನಿಗೆ ಗುಡ್ಡವೂ ಇಲ್ಲ, ಕಡಲೂ ಇಲ್ಲ, ರಸ್ತೆಯೊಂದೇ.

ಈ ಸಣ್ಣ ಬಸ್ಸುಗಳಲ್ಲಿ ಡ್ರೈವರನೇ ಗೈಡು. ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ ಕಥೆ ಹೇಳುತ್ತಲೇ ಇರುತ್ತಾನೆ. ಅರ್ಧ ಪ್ರವಾಸ ಕಿಟಕಿಯಲ್ಲಿ, ಇನ್ನರ್ಧ ಅವನ ಬಾಯಲ್ಲಿ. ನಾನು ಹೋದಾಗ ನನಗೆ ಸಿಕ್ಕಿದ್ದು ಕಿಟಕಿಯ ಅರ್ಧ ಮಾತ್ರ. ಮಗ ಸೊಸೆ ಮಕ್ಕಳ ಜೊತೆ ಮುಂದೆ, ನಾನೂ ನಿನ್ನ ಚಿಕ್ಕಪ್ಪನೂ ಹಿಂದೆ. ಆ ಸ್ಕಾಚ್ ಇಂಗ್ಲಿಷು ನಮಗೆ ಒಂದಕ್ಷರ ಹತ್ತಲಿಲ್ಲ. ಗ್ಲೆಂಕೋ ಕಣಿವೆಯಲ್ಲಿ ಬಸ್ಸು ನಿಧಾನವಾಯಿತು, ಎಲ್ಲರೂ ಸುಮ್ಮನಾದರು. ಏನಪ್ಪಾ ಅಂತ ಕೇಳಿದರೆ, "ಏನೋ ಹಳೇ ಗಲಾಟೆ ಕಥೆ ಅಮ್ಮಾ" ಅಂದ ಮಗ. ರಾತ್ರಿ ಫೋರ್ಟ್ ವಿಲಿಯಂನ ರೂಮಿನಲ್ಲಿ ಹಾಸಿಗೆ ಮೇಲೆ ಕೂತು ಮೊಮ್ಮಗಳು ಹೇಳಿದಳು: "ಅಜ್ಜೀ, ಆ ಊರಿನವರು ಸೈನಿಕರಿಗೆ ಹನ್ನೆರಡು ದಿನ ಊಟ ಹಾಕಿದ್ರಂತೆ. ಊಟ ಮಾಡಿದೋರೇ ಆಮೇಲೆ ಅವರನ್ನ ಕೊಂದ್ರಂತೆ." 1692ರ ಫೆಬ್ರುವರಿ 13ರ ಬೆಳಗಿನ ಜಾವ, ಹಿಮದಲ್ಲಿ, ಮ್ಯಾಕ್‌ಡೊನಾಲ್ಡ್ ಕುಲದ ಸುಮಾರು 38 ಜನ. ಉಂಡ ಮನೆಯ ಜಂತೆ ಎಣಿಸುವುದು ಅಂತ ನಮ್ಮಲ್ಲಿ ಅನ್ನುತ್ತಾರಲ್ಲ, ಇವರು ಜಂತೆಯನ್ನೇ ಕಿತ್ತರು. ಕೇಳಿ ನನಗೆ ನಿದ್ದೆ ಬರಲಿಲ್ಲ. ಆದರೆ ಕಣಿವೆ ಹಿಂದೆ ಹೋಗಿಯಾಗಿತ್ತು. ಗೊತ್ತಿದ್ದರೆ ಇನ್ನೊಂದು ಕಣ್ಣಿನಿಂದ ನೋಡುತ್ತಿದ್ದೆ.

ಅದಕ್ಕೇ ಹೇಳುವುದು, ಅಮ್ಮನ ಪಕ್ಕದ ಸೀಟಿನಲ್ಲಿ ನೀನೇ ಕೂತುಕೋ. ಮಕ್ಕಳನ್ನು ಅಳಿಯಂದಿರು ನೋಡಿಕೊಳ್ಳಲಿ. ಡ್ರೈವರು ಹತ್ತು ಮಾತು ಹೇಳಿದರೆ ನೀನು ಎರಡಾದರೂ ಕನ್ನಡದಲ್ಲಿ ಹೇಳು. ಆಮೇಲೆ ಹೇಳುತ್ತೇನೆ ಅನ್ನಬೇಡ, ಆಗಲೇ ಹೇಳು.

ಸೀಟು ಆದಷ್ಟು ಮುಂದೆ ಕೇಳಿ ಹಿಡಿದುಕೋ, ಹಿಂದೆ ಕುಲುಕಾಟ ಜಾಸ್ತಿ. ಪಶ್ಚಿಮಕ್ಕೆ ಹೋಗುವಾಗ ಗ್ಲೆಂಕೋದ ಮೂರು ದೊಡ್ಡ ಗುಡ್ಡಗಳು ಎಡಗಡೆ ಬರುತ್ತವೆ, ಆ ಹೊತ್ತಿಗೆ ಅಮ್ಮ ಎಡಗಡೆ ಕಿಟಕಿಯಲ್ಲಿರಲಿ. ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ಮೊದಲ ದಿನವೇ ಡ್ರೈವರಿಗೆ ಹೇಳಿಬಿಡು. ಅಮ್ಮ ಸಂಕೋಚಕ್ಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ, ಅವಳನ್ನು ನಾನು ಬಲ್ಲೆ.

ಸ್ಕೈನ ಓಲ್ಡ್ ಮ್ಯಾನ್ ಆಫ್ ಸ್ಟೋರ್‌ನ ಬುಡದವರೆಗೆ ಹತ್ತುವುದು ನಿನಗೂ ಮಕ್ಕಳಿಗೂ ಇರಲಿ. ಅಪ್ಪ ಅಮ್ಮ ಕೆಳಗಿನಿಂದ ನೋಡಿದರೂ ಆ ಕಲ್ಲುಗಂಬ ಚೆನ್ನಾಗಿಯೇ ಕಾಣುತ್ತದೆ. ಗಾಳಿ ನಿಂತ ಸಂಜೆ ಮಿಡ್ಜ್ ಅಂತ ನುಸಿ ಮುತ್ತುತ್ತದೆ. ಮಲೆನಾಡಿನ ಉಂಬಳ ಕಂಡವರಿಗೆ ಅದೇನು ಮಹಾ ಅಂದುಕೊಂಡಿದ್ದೆ. ಹಾಗಲ್ಲ, ಮಕ್ಕಳಿಗೆ ಮುಖ ಮುಚ್ಚುವ ಬಲೆ ತಗೋ. ಬೆಳಿಗ್ಗೆ ಪಾರಿಜ್ ಕೊಡುತ್ತಾರೆ, ಅದು ಓಟ್ಸಿನ ಗಂಜಿ. ನೀರು, ಉಪ್ಪು ಹಾಕಿ ಮಾಡಿಕೊಡಿ ಅಂದರೆ ಅದನ್ನೂ ಮಾಡುತ್ತಾರೆ, ಅದೇ ಅಲ್ಲಿನ ಹಳೇ ಪದ್ಧತಿ. ಚಟ್ನಿಪುಡಿ ನಿನ್ನ ಹತ್ತಿರ ಇದ್ದೇ ಇರುತ್ತದೆ.

ಹಡಗಿನ ವಿಷಯ ಮಾತ್ರ ಮರೆಯಬೇಡ. ಮಲೇಗ್‌ನಿಂದ ಸ್ಕೈಗೆ, ಊಯಿಗ್‌ನಿಂದ ಹ್ಯಾರಿಸ್‌ಗೆ, ಸ್ಟೋರ್ನೊವೇಯಿಂದ ಉಲ್ಲಾಪೂಲ್‌ಗೆ ಬಸ್ಸೇ ಹಡಗಿನ ಹೊಟ್ಟೆಯೊಳಗೆ ಹೋಗುತ್ತದೆ. ಹಡಗು ಹೊರಟ ಮೇಲೆ ಯಾರೂ ಬಸ್ಸಿನಲ್ಲಿ ಕೂರುವಂತಿಲ್ಲ, ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಬೇಕು. ನನ್ನ ಸ್ವೆಟರೂ ಬಿಪಿ ಮಾತ್ರೆಯೂ ಸೀಟಿನ ಮೇಲೇ ಉಳಿದವು. ಕೆಳಗಿನ ಬಾಗಿಲು ಹಾಕಿಯಾಗಿತ್ತು, ಹ್ಯಾರಿಸ್ ಮುಟ್ಟುವ ತನಕ ನಡುಗುತ್ತಾ ಕೂತೆ. ಅಮ್ಮನ ಕೈಚೀಲ, ಶಾಲು, ಮಾತ್ರೆ, ಒಂದು ಚೂರು ಒಣಶುಂಠಿ, ಇಷ್ಟನ್ನು ನೀನೇ ಹಿಡಿದು ಮೆಟ್ಟಿಲು ಹತ್ತು. ಬಸ್ಸು ಹಡಗು ಹತ್ತುವುದನ್ನು ಅಮ್ಮ ನಿಂತು ನೋಡಲಿ. ಅಂಬಾರಗೋಡ್ಲಿನಲ್ಲಿ ಹಿನ್ನೀರು ದಾಟುವ ಲಾಂಚ್ ಮೇಲೆ ಬಸ್ಸು ಹತ್ತಿಸುವುದನ್ನು ನೋಡುತ್ತಲೇ ವಯಸ್ಸಾದವಳು ಅವಳು. 2025ರಲ್ಲಿ ಅಲ್ಲಿ ಸೇತುವೆ ಆಯಿತು, ಒಳ್ಳೆಯದೇ. ಆದರೂ ಲಾಂಚಿನ ಆ ಸದ್ದು ಅವಳಿಗೆ ಬೇಕು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಹೈಲ್ಯಾಂಡ್ಸ್ ನೋಡಿದವರೆಲ್ಲ ಎಷ್ಟು ಪ್ರಶಾಂತ, ಒಂದು ನರಪಿಳ್ಳೆ ಇಲ್ಲ ಅನ್ನುತ್ತಾರೆ. ಅಲ್ಲಿನ ಬೆನ್ ನೆವಿಸ್ 1,345 ಮೀಟರ್, ನಮ್ಮ ಕೊಡಚಾದ್ರಿ 1,343. ಎತ್ತರ ಹೆಚ್ಚುಕಡಿಮೆ ಒಂದೇ, ಆದರೆ ಅಲ್ಲಿ ಹುಲ್ಲು, ಕುರಿ, ಗಾಳಿ. ಕಣಿವೆಗಳಲ್ಲಿ ಅಲ್ಲಲ್ಲಿ ಸೂರಿಲ್ಲದ ಕಲ್ಲುಗೋಡೆಗಳು ಕಾಣುತ್ತವೆ. ಅವೆಲ್ಲ ಮನೆಗಳು, ಪುಟ್ಟೀ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಜಮೀನ್ದಾರರು ಕುರಿ ಸಾಕಣೆಗೆ ಜಾಗ ಬೇಕೆಂದು ಗೇಣಿದಾರರನ್ನು ಊರೂರೇ ಎಬ್ಬಿಸಿದರು. ಸ್ಕೈನ ಬೊರೆರೇಗ್ ಹಳ್ಳಿ 1853ರಲ್ಲಿ ಖಾಲಿಯಾಯಿತು. ಎಷ್ಟೋ ಜನ ಕೆನಡಾದ ಹಡಗು ಹತ್ತಿದರು. ಅದೇ ದ್ವೀಪದ ಬ್ರೇಸ್‌ನಲ್ಲಿ 1882ರಲ್ಲಿ ರೈತರು, ಅದರಲ್ಲೂ ಹೆಂಗಸರು, ಪೊಲೀಸರಿಗೆ ಕಲ್ಲು ಹಿಡಿದು ಎದುರು ನಿಂತರು. ಆ ಹೋರಾಟಗಳ ಫಲವಾಗಿ 1886ರಲ್ಲಿ ಗೇಣಿದಾರರನ್ನು ಮನಸ್ಸಿಗೆ ಬಂದಂತೆ ಎಬ್ಬಿಸಬಾರದು ಅಂತ ಕಾಯಿದೆ ಬಂತು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹದ ಸಾಗರ ಸೀಮೆಯವರಾದ ನಿನ್ನ ಅಪ್ಪನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಅಮ್ಮನಿಗಂತೂ ಇನ್ನೂ ಹತ್ತಿರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅವಳಿಗೆ ಹದಿನಾಲ್ಕು, ನನಗೆ ಹತ್ತು. ನೀರು ಅಂಗಳಕ್ಕೆ ಬರುವ ಮುಂಚೆ ಅಪ್ಪಯ್ಯ ಹೆಂಚು ಇಳಿಸಿ ಗಾಡಿಗೆ ಹೇರಿದರು. ಹೆಂಚಿಲ್ಲದ ಗೋಡೆಗಳ ಮಧ್ಯೆ ಅಕ್ಕ ಸುಮ್ಮನೆ ನಿಂತಿದ್ದಳು, ಬಾ ಅಂದರೂ ಬರಲಿಲ್ಲ. ಅವಳು ಅದನ್ನು ನಿನಗೆ ಹೇಳಿರಲಾರಳು. ಸ್ಕೈನಲ್ಲಿ ಆ ಗೋಡೆಗಳು ಕಂಡಾಗ ಇದು ಯಾರ ಮನೆ, ಯಾಕೆ ಹೀಗಾಯಿತು ಅಂತ ಅವಳಿಗೆ ಹೇಳು. ಹೇಳಿ ಸುಮ್ಮನಿರು. ಅವಳು ಮಾತು ಶುರುಮಾಡಿದರೆ ಮಕ್ಕಳನ್ನೂ ಹತ್ತಿರ ಕರೆ.

ಹ್ಯಾರಿಸ್‌ನಲ್ಲಿ ಮಗ್ಗ ನೋಡಿ. ಹ್ಯಾರಿಸ್ ಟ್ವೀಡ್ ಅನ್ನುವ ಉಣ್ಣೆ ಬಟ್ಟೆಯನ್ನು ಆ ದ್ವೀಪಗಳ ಜನ ತಮ್ಮ ಮನೆಯಲ್ಲೇ ಕೈಯಿಂದ ನೇಯಬೇಕು ಅಂತ 1993ರ ಕಾಯಿದೆಯೇ ಇದೆ. ಕಾಲಲ್ಲಿ ತುಳಿಯುವ ಮಗ್ಗದ ಸದ್ದು ರಸ್ತೆಗೇ ಕೇಳುತ್ತದೆ.

ಲೂಯಿಸ್‌ನ ಸ್ಟೋರ್ನೊವೇಯಲ್ಲಿ ಇಳಿದಾಗ ಮಕ್ಕಳಿಗೆ ಇದೊಂದನ್ನು ಹೇಳು. ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲಿ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದವನು, ಊರೂರಿನ ಶಾಸನ, ಓಲೆಗರಿ, ಕೈಫಿಯತ್ತು ಕೂಡಿಸಿದವನು. ಧರ್ಮಯ್ಯ ಎಂಬ ನಮ್ಮ ಜೈನ ಪಂಡಿತರು ಆ ಕೆಲಸದಲ್ಲಿ ಅವನ ಜೊತೆಗಿದ್ದರು. 1783ರಲ್ಲಿ ಹಿಂದೂಸ್ಥಾನಕ್ಕೆ ಬಂದ ಅವನು ತನ್ನ ದ್ವೀಪಕ್ಕೆ ಮತ್ತೆ ಹೋಗಲೇ ಇಲ್ಲ, 1821ರಲ್ಲಿ ಇಲ್ಲೇ ತೀರಿಕೊಂಡ. ನಮಗೆ ಆ ಊರಿನಲ್ಲಿ ಅರ್ಧ ಗಂಟೆ ಮಾತ್ರ ಬಿಟ್ಟಿದ್ದರು, ಅದೂ ಚಹಾ ಕುಡಿಯುವುದರಲ್ಲಿ ಹೋಯಿತು. ಡ್ರೈವರನ್ನು ಮೊದಲೇ ಕೇಳಿ ಸ್ವಲ್ಪ ಹೆಚ್ಚು ಹೊತ್ತು ಮಾಡಿಕೋ. ಬಂದರಿನ ಕಟ್ಟೆಯ ಮೇಲೆ ಅಮ್ಮನನ್ನು ಕೂರಿಸಿ ನನಗೆ ಫೋನ್ ಮಾಡು. ನಮ್ಮಲ್ಲಿ ನಾಲ್ಕೂವರೆ ಗಂಟೆ ಮುಂದೆ, ರಾತ್ರಿಯಾಗಿದ್ದರೂ ಪರವಾಗಿಲ್ಲ, ಎದ್ದೇ ಇರುತ್ತೇನೆ.

ಇಂತಿ,
ಚಿಕ್ಕಮ್ಮ