ರೈತರಿಗೆ ಉಚಿತ ಕಾನೂನು ನೆರವು: ನ್ಯಾಯಾಲಯದ ಕಾಗದ ಬಂದಾಗ ಮಾಡಬೇಕಾದದ್ದೇನು?

ಬೆಳೆಯಲ್ಲಿ ರೋಗದ ಮೊದಲ ಚುಕ್ಕೆ ಕಂಡ ಕೂಡಲೇ ಔಷಧಿ ಸಿಂಪಡಿಸುವ ರೈತನು, ಮನೆಗೆ ನ್ಯಾಯಾಲಯದ ಕಾಗದ ಬಂದಾಗ ಮಾತ್ರ ಅದನ್ನು ಪೆಟ್ಟಿಗೆಯಲ್ಲಿಟ್ಟು, ಸುಗ್ಗಿ ಮುಗಿಯಲಿ ಎಂದು ಸುಮ್ಮನಾಗುವುದುಂಟು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯ ಭಯ ಒಂದು ಕಡೆ, ವಕೀಲರ ಫೀಸಿನ ಚಿಂತೆ ಇನ್ನೊಂದು ಕಡೆ. ಆದರೆ ಹೀಗೆ ಸುಮ್ಮನಿರುವುದರಿಂದಲೇ ಹೆಚ್ಚಿನ ನಷ್ಟವಾಗುತ್ತದೆ. ಹಣವಿಲ್ಲದವರಿಗೆ ವಕೀಲರನ್ನು ಉಚಿತವಾಗಿ ಒದಗಿಸುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿಯೇ ಇದೆ. ಅದನ್ನು ಸಕಾಲದಲ್ಲಿ ಬಳಸಿಕೊಳ್ಳುವುದು ಮುಖ್ಯ.

ಸುಮ್ಮನಿದ್ದರೆ ಏನಾಗುತ್ತದೆ?

ಒಂದು ಉದಾಹರಣೆಯನ್ನು ನೋಡಬಹುದು. ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬಳು ಅವನ ಹೆಸರಿನಲ್ಲಿದ್ದ ಎರಡು ಎಕರೆಯಲ್ಲಿ ರಾಗಿ ಬೆಳೆದು ಮಕ್ಕಳನ್ನು ಸಾಕುತ್ತಿದ್ದಾಳೆ. ಆ ಜಮೀನು ತನಗೆ ಸೇರಬೇಕೆಂದು ಮೈದುನನು ದಾವೆ ಹೂಡುತ್ತಾನೆ. ಸಮನ್ಸ್ ಬರುವುದು ಕಳೆ ತೆಗೆಯುವ ಕಾಲದಲ್ಲಿ. ‘ಮನೆಯ ವಿಷಯ, ಊರಿನಲ್ಲೇ ಮಾತನಾಡಿ ಮುಗಿಸೋಣ’ ಎಂದು ಹಿರಿಯರು ಹೇಳುತ್ತಾರೆ. ಆಕೆ ಸುಮ್ಮನಾಗುತ್ತಾಳೆ. ನಿಗದಿಯಾದ ದಿನ ಆಕೆಯ ಪರವಾಗಿ ಯಾರೂ ಹಾಜರಾಗದಿದ್ದರೆ ನ್ಯಾಯಾಲಯವು ವಾದಿಯ ಹೇಳಿಕೆ ಮತ್ತು ದಾಖಲೆಗಳನ್ನಷ್ಟೇ ನೋಡಿ ಏಕಪಕ್ಷೀಯ ಡಿಕ್ರಿ ನೀಡಬಹುದು. ಹಕ್ಕಿಲ್ಲದ್ದರಿಂದಲ್ಲ, ಹಕ್ಕನ್ನು ಹೇಳಿಕೊಳ್ಳದ್ದರಿಂದ ಜಮೀನು ಕೈತಪ್ಪುತ್ತದೆ.

ಸಮನ್ಸ್ ತೆಗೆದುಕೊಳ್ಳಲು ನಿರಾಕರಿಸಿದರೆ ಪಾರಾಗಬಹುದೆಂಬುದೂ ತಪ್ಪು ತಿಳುವಳಿಕೆ. ನಿರಾಕರಿಸಿದರೂ ಅದು ಜಾರಿಯಾಗಿದೆಯೆಂದು ನ್ಯಾಯಾಲಯ ಪರಿಗಣಿಸಬಹುದು. ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಸೂಕ್ತ ಕಾರಣವಿದ್ದರೆ ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ಕೊಡಬಹುದು. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದುಪಡಿಸುವಂತೆ ಡಿಕ್ರಿಯ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬಹುದು. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ ಈ ಅವಧಿ ಆರಂಭವಾಗುತ್ತದೆ.

ನೆರವು ಯಾರಿಗೆ ದೊರೆಯುತ್ತದೆ?

ಹಣದ ಕೊರತೆಯಿಂದ ಯಾರಿಗೂ ನ್ಯಾಯ ತಪ್ಪಬಾರದೆಂಬ ತತ್ತ್ವವನ್ನು 1976ರ ತಿದ್ದುಪಡಿಯಲ್ಲಿ ಸಂವಿಧಾನದ 39-ಎ ವಿಧಿಯಾಗಿ ಸೇರಿಸಲಾಯಿತು. ಇದನ್ನು ಕಾರ್ಯರೂಪಕ್ಕೆ ತರಲು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಿಂದ ಜಾರಿಗೆ ಬಂದಿತು. ಇದರಂತೆ ಕೆಳಗಿನವರು ಉಚಿತ ಕಾನೂನು ಸೇವೆಗೆ ಅರ್ಹರು:

1. ಮಹಿಳೆಯರು ಮತ್ತು ಮಕ್ಕಳು
2. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಸೇರಿದವರು
3. ಅಂಗವಿಕಲರು
4. ನೆರೆ, ಬರ, ಭೂಕಂಪ ಮೊದಲಾದ ವಿಪತ್ತುಗಳಿಗೆ ಗುರಿಯಾದವರು
5. ಕೈಗಾರಿಕಾ ಕಾರ್ಮಿಕರು ಮತ್ತು ಬಂಧನದಲ್ಲಿರುವವರು
6. ಮಾನವ ಸಾಗಾಣಿಕೆ ಅಥವಾ ಜೀತಕ್ಕೆ ಬಲಿಯಾದವರು
7. ಸರ್ಕಾರ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ವಾರ್ಷಿಕ ಆದಾಯವುಳ್ಳ ಇತರರು

ಆದಾಯದ ಮಿತಿ ಕೊನೆಯ ವರ್ಗಕ್ಕೆ ಮಾತ್ರ. ಮೇಲಿನ ಉದಾಹರಣೆಯ ಮಹಿಳೆಗೆ ಎರಡು ಎಕರೆಯಲ್ಲ, ಇಪ್ಪತ್ತು ಎಕರೆ ಇದ್ದರೂ ಆಕೆ ಅರ್ಹಳು. ಆದರೆ ಹೂಡಬೇಕಾದ ಅಥವಾ ಎದುರಿಸಬೇಕಾದ ಮೊಕದ್ದಮೆಯಲ್ಲಿ ಮೇಲ್ನೋಟಕ್ಕೆ ಹುರುಳಿರಬೇಕು. ಅದನ್ನು ಪ್ರಾಧಿಕಾರವೇ ಪರಿಶೀಲಿಸುತ್ತದೆ.

ಎಲ್ಲಿಗೆ ಹೋಗಬೇಕು?

ಸಾಮಾನ್ಯವಾಗಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಛೇರಿ ಇರುತ್ತದೆ. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಪ್ರಾಧಿಕಾರವಿದ್ದು, ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. 15100 ಸಂಖ್ಯೆಗೆ ಫೋನು ಮಾಡಿಯೂ ವಿಚಾರಿಸಬಹುದು. ಓದು ಬರಹ ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಕಛೇರಿಯವರು ಬರೆದುಕೊಳ್ಳುತ್ತಾರೆ.

ಹೋಗುವಾಗ ಸಮನ್ಸ್ ಮತ್ತು ಅದರೊಡನೆ ಬಂದ ದಾವೆಯ ನಕಲು, ಪಹಣಿ, ಮ್ಯುಟೇಷನ್ ನಕಲು, ಕ್ರಯಪತ್ರ ಇಲ್ಲವೆ ವಿಭಾಗಪತ್ರ, ಕಂದಾಯದ ರಸೀದಿ, ವಂಶವೃಕ್ಷ ಇವುಗಳಲ್ಲಿ ಇರುವುದನ್ನು ಒಯ್ಯಬೇಕು. ಮೂಲ ಪತ್ರಗಳನ್ನು ತೋರಿಸಿ, ಜೆರಾಕ್ಸ್ ಪ್ರತಿ ಕೊಡುವುದು ಕ್ಷೇಮ. ಎಲ್ಲ ದಾಖಲೆ ಸಿಕ್ಕಿದ ಮೇಲೆ ಹೋದರಾಯಿತೆಂದು ದಿನ ಕಳೆಯಬಾರದು. ಸಮನ್ಸ್ ಒಂದೇ ಇದ್ದರೂ ಮೊದಲು ಹೋಗಬೇಕು.

ನೆರವು ಮಂಜೂರಾದರೆ ವಕೀಲರ ಫೀಸು, ನ್ಯಾಯಾಲಯ ಶುಲ್ಕ, ನಕಲುಗಳ ವೆಚ್ಚ ಮೊದಲಾದುವನ್ನು ಪ್ರಾಧಿಕಾರ ಭರಿಸುತ್ತದೆ. ನೇಮಕಗೊಂಡ ವಕೀಲರು ಕಕ್ಷಿಗಾರರಿಂದ ಫೀಸು ಪಡೆಯುವಂತಿಲ್ಲ. ಕೇಳಿದರೆ ಸಮಿತಿಗೆ ದೂರು ಕೊಡಬೇಕು.

ರಾಜಿಯಾಗುವುದಾದರೆ ಲೋಕ ಅದಾಲತ್

ಅಣ್ಣತಮ್ಮಂದಿರ ಪಾಲು, ಬ್ಯಾಂಕಿನ ಸಾಲ, ಅಪಘಾತ ಪರಿಹಾರ ಮುಂತಾದ ವಿಷಯಗಳು ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ದಾವೆ ಹೂಡುವ ಮೊದಲೇ ಇಲ್ಲಿಗೆ ಬರಲೂ ಅವಕಾಶವಿದೆ. ಬಾಕಿಯಿರುವ ದಾವೆ ಇಲ್ಲಿ ಇತ್ಯರ್ಥವಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಿರುಗುತ್ತದೆ. ಊರಿನ ಪಂಚಾಯಿತಿಯ ಮಾತಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಲೋಕ ಅದಾಲತ್‌ನ ತೀರ್ಮಾನ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಷರತ್ತುಗಳನ್ನು ಓದಿಸಿ ಕೇಳಿ, ಮನಸ್ಸಿಗೆ ಒಪ್ಪಿದರೆ ಮಾತ್ರ ಸಹಿ ಮಾಡಬೇಕು. ಒಪ್ಪದಿದ್ದರೆ ಬಲವಂತವಿಲ್ಲ, ದಾವೆ ನ್ಯಾಯಾಲಯದಲ್ಲಿ ಮುಂದುವರಿಯುತ್ತದೆ.

ಬಿತ್ತನೆ ಬೀಜ ಮೋಸವಾದರೆ

ಕಳಪೆ ಬೀಜದಿಂದ ಬೆಳೆ ಕೆಟ್ಟಾಗಲೂ ದಾರಿಯಿದೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪು ನೀಡಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ ಐದು ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಸಾಕ್ಷ್ಯ ಬೇಕು. ಬಿಲ್ಲು, ಚೀಲ ಮತ್ತು ಚೀಟಿಯನ್ನು ಕೊಯ್ಲಿನವರೆಗೆ ಕಾದಿಡಬೇಕು. ಸ್ವಲ್ಪ ಬೀಜವನ್ನೂ ಉಳಿಸಿಕೊಂಡರೆ ಒಳ್ಳೆಯದು. ದೋಷ ಕಂಡೊಡನೆ, ಬೆಳೆ ಹೊಲದಲ್ಲಿರುವಾಗಲೇ, ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಟ್ಟು ಸ್ಥಳ ಪರಿಶೀಲನೆ ಮಾಡಿಸಬೇಕು. ಬೆಳೆ ಉತ್ತುಹಾಕಿದ ಮೇಲೆ ಸಾಕ್ಷ್ಯವೂ ಮಣ್ಣುಪಾಲಾಗುತ್ತದೆ.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಹಳ್ಳಿಗೆ ಹೋದಾಗ ರೈತರು ಇಂಥ ಕಾಗದಗಳನ್ನು ತೋರಿಸಿದರೆ, ಯಾರಿಗೆ ಗೆಲುವೆಂಬ ಅಭಿಪ್ರಾಯವನ್ನು ವಿಸ್ತರಣಾ ಕಾರ್ಯಕರ್ತರು ಹೇಳಬೇಕಾಗಿಲ್ಲ. ಕಾಗದ ಯಾವ ಕಛೇರಿಯದು, ಹಾಜರಾಗಬೇಕಾದ ದಿನ ಯಾವುದು ಎಂಬುದನ್ನು ಓದಿ ಹೇಳಿ, ತಾಲ್ಲೂಕು ಸಮಿತಿಯ ದಾರಿ ತೋರಿಸಿದರೆ ಸಾಕು.

ನೆನಪಿಡಬೇಕಾದ ಅಂಶಗಳು

* ನ್ಯಾಯಾಲಯದ ಕಾಗದವನ್ನು ನಿರಾಕರಿಸಬಾರದು; ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಬೇಕು.
* ಓದಿ ತಿಳಿಯದ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬಾರದು.
* ತಾಲ್ಲೂಕು ಕಛೇರಿಯಿಂದ ಖಾತೆ ಬದಲಾವಣೆಯ ನೋಟೀಸು ಬಂದರೆ, ಅದರಲ್ಲಿ ಕಾಣಿಸಿದ ಅವಧಿಯೊಳಗೆ ತಕರಾರನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು.
* ರಾಜಿ ಮಾತುಕತೆ ನಡೆಯುತ್ತಿದ್ದರೂ ನ್ಯಾಯಾಲಯದ ದಿನವನ್ನು ತಪ್ಪಿಸಬಾರದು.

ಹದ ತಪ್ಪಿದ ಬಿತ್ತನೆಯ ಬೆಳೆ ಮುಂದಿನ ವರ್ಷವಾದರೂ ಕೈಗೆ ಬಂದೀತು. ಗಡುವು ತಪ್ಪಿ ಕಳೆದುಕೊಂಡ ಜಮೀನು ಹಿಂದಕ್ಕೆ ಬರುವುದು ಬಹು ಕಷ್ಟ.