ಹೊತ್ತಿಸುವ ಮೊದಲು ಆರಿಸುವ ದಾರಿ ನೋಡು

ತಮ್ಮಾ, ಗಾಡಿಗಳ ವೈರಿಂಗ್ ಕೆಲಸಕ್ಕೆ ಈಗಷ್ಟೇ ಕೈ ಹಾಕಿದ್ದೀಯ. ಮಳೆಗಾಲ ಹತ್ತಿರ ಬಂತೆಂದರೆ ಘಟ್ಟದ ಮೇಲಿನ ಊರುಗಳಲ್ಲಿ ಗಿರಾಕಿಗಳು ಕೇಳುವುದು ಒಂದೇ: "ಜೀಪಿಗೆ ಎರಡು ಎಕ್ಸ್‌ಟ್ರಾ ಲೈಟ್ ಹಾಕಿಕೊಡು." ಕೇಳುವುದರಲ್ಲಿ ತಪ್ಪಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಆಗುಂಬೆಯ ತಿರುವುಗಳಲ್ಲಿ, ಮಂಜು ಕವಿದರೆ ಬಾನೆಟ್ಟಿನ ಆಚೆ ರಸ್ತೆಯಿದೆಯೋ ಪ್ರಪಾತವಿದೆಯೋ ತಿಳಿಯುವುದಿಲ್ಲ. ಆದರೆ ಒಂದು ಮಾತು ನೆನಪಿಡು. ಬ್ಯಾಟರಿಯಿಂದ ಎರಡು ವೈರ್ ಎಳೆದರೆ ಲೈಟು ಹೊತ್ತಿಕೊಳ್ಳುತ್ತದೆ. ಅಷ್ಟು ಯಾರಿಗೂ ಬರುತ್ತದೆ. ಆರಬೇಕಾದ ಹೊತ್ತಿಗೆ ಅದು ಆರುವ ಹಾಗೆ ಮಾಡುವುದು ಕಸುಬು. ನಾನು ಹೇಳುವುದೆಲ್ಲ ಆ ಒಂದು ವಿಷಯವನ್ನೇ.

ಮೊದಲು ಲೆಕ್ಕ ಹಾಕುವುದನ್ನು ರೂಢಿ ಮಾಡಿಕೋ. 55 ವ್ಯಾಟಿನ ಒಂದು ಹ್ಯಾಲೊಜೆನ್ ಲ್ಯಾಂಪು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಎರಡಕ್ಕೆ ಒಂಬತ್ತು ದಾಟಿತು. ಎಂಜಿನ್ ಓಡುವಾಗ ವೋಲ್ಟೇಜ್ 14ರ ಹತ್ತಿರ ಇರುವುದರಿಂದ ಹತ್ತು ಎಂದೇ ಹಿಡಿ. ಅದೂ ಬಿಸಿಯಾದ ಮೇಲಿನ ಲೆಕ್ಕ. ತಣ್ಣಗಿರುವ ಫಿಲಮೆಂಟಿಗೆ ರೆಸಿಸ್ಟೆನ್ಸ್ ಕಡಿಮೆ. ಸ್ವಿಚ್ ಒತ್ತಿದ ಆ ಕ್ಷಣ ಹತ್ತು ಪಟ್ಟಿನವರೆಗೂ ಕರೆಂಟು ನುಗ್ಗುತ್ತದೆ. ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಒಳಗಿನ ಪಾಯಿಂಟು ಸುಟ್ಟು ಕಪ್ಪಾಗುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕೆಲವೊಮ್ಮೆ ಪಾಯಿಂಟುಗಳೆರಡೂ ಅಂಟಿಕೊಂಡು, ಸ್ವಿಚ್ ಆಫ್ ಮಾಡಿದರೂ ಲೈಟು ಉರಿಯುತ್ತಲೇ ಇರುತ್ತದೆ.

ಇದಕ್ಕಾಗಿಯೇ ರಿಲೇ ಇರುವುದು. ಕೆರೆಯ ತೂಬಿನ ಹಾಗೆ ಅದು: ಎತ್ತುವ ಕೈಯ ಬಲ ಸ್ವಲ್ಪವೇ, ಹರಿಯುವ ನೀರು ಗದ್ದೆ ತುಂಬುವಷ್ಟು. ರಿಲೇಯ ಕಾಯಿಲ್ಲಿಗೆ ಬೇಕಾದದ್ದು ಆಂಪಿಯರಿನ ಐದನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಅಷ್ಟು ಸಿಕ್ಕರೆ ಅದು ಮೂವತ್ತು ನಲವತ್ತು ಆಂಪಿಯರಿನ ಪಾಯಿಂಟನ್ನು ಕೂಡಿಸುತ್ತದೆ. ಡ್ಯಾಶ್‌ಬೋರ್ಡಿಗೆ ಹೋಗುವುದು ತೆಳು ವೈರು, ಸಣ್ಣ ಕರೆಂಟು. ದೊಡ್ಡ ಕರೆಂಟು ಬಾನೆಟ್ಟಿನ ಒಳಗೇ ಬ್ಯಾಟರಿಯಿಂದ ಲೈಟಿಗೆ ಹತ್ತಿರದ ದಾರಿಯಲ್ಲಿ ಹೋಗುತ್ತದೆ.

ರಿಲೇಯ ತಳದಲ್ಲಿ ಅಂಕಿಗಳಿವೆ, ಬಾಯಿಪಾಠ ಮಾಡು. 30ಕ್ಕೆ ಬ್ಯಾಟರಿಯ ಪಾಸಿಟಿವ್, ಫ್ಯೂಸ್ ದಾಟಿ ಬಂದದ್ದು. 87ರಿಂದ ಲೈಟಿಗೆ. 86ಕ್ಕೆ ಸ್ವಿಚ್ಚಿನಿಂದ ಬರುವ ಸಿಗ್ನಲ್. 85 ಬಾಡಿ ಅರ್ಥಿಗೆ. ಐದು ಪಿನ್ನಿನ ರಿಲೇ ಕೈಗೆ ಬಂದರೆ ನಡುವಿನ ಪಿನ್ನನ್ನು ಕಣ್ಣಿಟ್ಟು ಓದು. ಅಲ್ಲಿ 87ಎ ಎಂದಿದ್ದರೆ ಆ ಪಿನ್ನು ಕೆಲಸ ಮಾಡುವುದು ತಿರುಗಾಮುರುಗಾ, ಅಂದರೆ ರಿಲೇ ಎಳೆಯದಿದ್ದಾಗ ಕೂಡಿರುತ್ತದೆ. ಲೈಟಿನ ವೈರನ್ನು ಅಲ್ಲಿಗೆ ಚುಚ್ಚಿದರೆ ಸ್ವಿಚ್ ಆಫ್ ಇದ್ದಾಗಲೇ ಲೈಟು ಉರಿದು, ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಖಾಲಿ. ಇನ್ನೊಂದು ವಿಷಯ: ಕಾಯಿಲ್ಲಿನ ಕರೆಂಟು ತಟ್ಟನೆ ಕಡಿದಾಗ ಅದರೊಳಗಿಂದ ನೂರಾರು ವೋಲ್ಟಿನ ಒಂದು ಹೊಡೆತ ಹೊರಡುತ್ತದೆ. ಹಳೇ ಡೀಸೆಲ್ ಜೀಪಿಗೆ ಅದರಿಂದ ಏನೂ ಆಗದು. ಕಂಪ್ಯೂಟರ್ ಇರುವ ಹೊಸ ಗಾಡಿಗೆ ಅದು ಒಳ್ಳೆಯದಲ್ಲ. ಅಂಥ ಗಾಡಿಗೆ ಡಯೋಡ್ ಅಥವಾ ರೆಸಿಸ್ಟರ್ ಒಳಗೇ ಇರುವ ರಿಲೇ ಹಾಕು. ಡಯೋಡ್ ಇದ್ದರೆ 86 ಪಾಸಿಟಿವ್, 85 ಅರ್ಥ್ ಎಂಬುದನ್ನು ಅದಲುಬದಲು ಮಾಡುವಂತಿಲ್ಲ.

ಈಗ ಆರುವ ದಾರಿಗಳಿಗೆ ಬರೋಣ. ಮೊದಲನೆಯದು ಫ್ಯೂಸ್. ಅದು ಲೈಟನ್ನು ಕಾಯುವುದಕ್ಕೆ ಇರುವುದಲ್ಲ, ವೈರನ್ನು ಕಾಯುವುದಕ್ಕೆ. ವೈರಿನ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಫ್ಯೂಸ್ ಹೋಗದಿದ್ದರೆ ವೈರೇ ಕೆಂಡವಾಗುತ್ತದೆ. ಆದ್ದರಿಂದ ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ. ಅದಕ್ಕಿಂತ ದೂರ ಇಟ್ಟರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲೇ ಇಲ್ಲ. 55 ವ್ಯಾಟಿನ ಎರಡು ಲೈಟಿಗೆ 15 ಆಂಪಿಯರಿನ ನೀಲಿ ಫ್ಯೂಸ್ ಸಾಕು. ಅದು ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ವೈರು ಶಾರ್ಟ್ ಆಗುತ್ತಿದೆ ಎಂದು ಹುಡುಕು. ಹಸಿರು 30 ಹಾಕಿ ಕಳಿಸುವುದು, ತಾಮ್ರದ ಎಳೆ ಸುತ್ತಿ ಕೊಡುವುದು ಮಾಡಬೇಡ. ಗಾಡಿಗೆ ಬೆಂಕಿ ಬೀಳುವ ದಾರಿ ಅದು. ಹೆಡ್‌ಲೈಟಿನ ಕಂಪನಿ ಫ್ಯೂಸಿನಿಂದ ಎಕ್ಸ್‌ಟ್ರಾ ಲೈಟಿಗೆ ಕರೆಂಟು ಕದಿಯಲೂ ಬೇಡ. ಘಟ್ಟದ ತಿರುವಿನಲ್ಲಿ ಎಕ್ಸ್‌ಟ್ರಾ ಲೈಟು ಶಾರ್ಟ್ ಆದರೆ ಅದೊಂದೇ ಆರಬೇಕು, ಹೆಡ್‌ಲೈಟು ಉರಿಯುತ್ತಿರಬೇಕು.

ಎರಡನೆಯದು ಡಿಪ್. ನಾನು ಇಡೀ ಮಾತಿನಲ್ಲಿ ಒಂದನ್ನೇ ಉಳಿಸಿಕೋ ಎಂದರೆ ಇದನ್ನು ಹೇಳುತ್ತೇನೆ. ದೂರಕ್ಕೆ ಬೆಳಕು ಚೆಲ್ಲುವ ಲೈಟಾದರೆ 86ಕ್ಕೆ ಹೋಗುವ ಸಿಗ್ನಲನ್ನು ಹೈಬೀಮ್ ವೈರಿನಿಂದ ತೆಗೆದು, ಡ್ಯಾಶ್‌ಬೋರ್ಡಿನ ಸ್ವಿಚ್ ದಾಟಿಸಿ ತಾ. ಆಗ ಸ್ವಿಚ್ ಆನ್ ಇದ್ದರೂ ಹೈಬೀಮ್ ಇದ್ದಾಗ ಮಾತ್ರ ಲೈಟು ಉರಿಯುತ್ತದೆ. ಎದುರು ಗಾಡಿ ಕಂಡು ಡ್ರೈವರ್ ಡಿಪ್ ಮಾಡಿದ ಕೂಡಲೇ ಎಕ್ಸ್‌ಟ್ರಾ ಲೈಟೂ ಆರುತ್ತದೆ. ಸಿಗ್ನಲನ್ನು ನೇರ ಬ್ಯಾಟರಿಯಿಂದಲೋ ಕೀಲಿಯಿಂದಲೋ ಕೊಟ್ಟರೆ ಡ್ರೈವರ್ ಎರಡು ಕಡೆ ಕೈ ಆಡಿಸಬೇಕು. ತಿರುವಿನಲ್ಲಿ ಗೇರು, ಸ್ಟೇರಿಂಗ್, ಹಾರ್ನ್ ಎಲ್ಲ ಒಟ್ಟಿಗೆ ನೋಡಿಕೊಳ್ಳುವ ಮನುಷ್ಯ ಇನ್ನೊಂದು ಸ್ವಿಚ್ ಹುಡುಕುವುದಿಲ್ಲ. ಎದುರಿನಿಂದ ಹತ್ತಿ ಬರುವ ಹಾಲಿನ ವ್ಯಾನಿನವನೋ ಆಂಬುಲೆನ್ಸಿನವನೋ ನಾಲ್ಕು ಲೈಟಿನ ಏಟಿಗೆ ಕಣ್ಣು ಕತ್ತಲೆಗಟ್ಟಿ ಅಂಚಿನ ಕಡೆ ಸರಿಯುತ್ತಾನೆ. ಅವನು ನಿನ್ನ ಗಿರಾಕಿಯಲ್ಲ, ನಿನ್ನನ್ನು ನೋಡಿದವನೂ ಅಲ್ಲ. ಆದರೂ ಆ ಕ್ಷಣ ಅವನ ಜೀವ ನೀನು ಎಲ್ಲಿಂದ ಸಿಗ್ನಲ್ ತೆಗೆದೆ ಎಂಬುದರ ಮೇಲೆ ನಿಂತಿರುತ್ತದೆ.

ಮೂರನೆಯದು ಪಾರ್ಕಿಂಗ್ ಲೈಟು. ಫಾಗ್ ಲ್ಯಾಂಪಿಗೆ ಹೈಬೀಮ್ ಸಿಗ್ನಲ್ ಕೊಡಬಾರದು, ಯಾಕೆಂದರೆ ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕೆಲ್ಲ ನೀರಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಫಾಗ್ ಲ್ಯಾಂಪಿನ ಸಿಗ್ನಲನ್ನು ಪಾರ್ಕಿಂಗ್ ಲೈಟಿನ ವೈರಿನಿಂದ ತೆಗೆ. ಲೈಟಿನ ಮೇನ್ ಸ್ವಿಚ್ ಆಫ್ ಮಾಡಿದರೆ ಅದೂ ಆರುತ್ತದೆ. ಹಿಂದಿನ ಕೆಂಪು ಲೈಟು ಉರಿಯದೆ ಮುಂದಿನ ಫಾಗ್ ಮಾತ್ರ ಉರಿಯುವ ಅಪಾಯವೂ ಇರುವುದಿಲ್ಲ.

ಸಿಗ್ನಲ್ ತೆಗೆಯುವ ಮೊದಲು ಮಲ್ಟಿಮೀಟರ್ ಹಿಡಿದು ನೋಡು. ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿನ ಸ್ವಿಚ್ ಅರ್ಥ್ ಕಡೆ ಇರುತ್ತದೆ. ಅಲ್ಲಿ ಲೈಟಿಗೆ ಪಾಸಿಟಿವ್ ಯಾವಾಗಲೂ ಬಂದಿರುತ್ತದೆ, ನಮ್ಮ ಮಾಮೂಲಿ ಕನೆಕ್ಷನ್ ಕೆಲಸ ಮಾಡದು. ಹೊಸ ಗಾಡಿಗಳಲ್ಲಿ ಕಂಪ್ಯೂಟರು ಲೈಟಿಗೆ ಕರೆಂಟನ್ನು ತುಂಡು ತುಂಡಾಗಿ ಕೊಡುವುದೂ ಉಂಟು. ಅಂಥ ವೈರಿಗೆ ಕೂಡಿಸಿದ ರಿಲೇ ಟರ್ ಎಂದು ಬಡಿದುಕೊಳ್ಳುತ್ತದೆ. ಅಲ್ಲಿ ಆ ಗಾಡಿಗೆಂದೇ ಬರುವ ಕಪ್ಲರ್ ಕಿಟ್ ಹಾಕು. ವೈರು ಕತ್ತರಿಸಿದರೆ ವಾರಂಟಿಗೆ ತೊಂದರೆಯಾಗಬಹುದು ಎಂದು ಗಿರಾಕಿಗೂ ಮೊದಲೇ ತಿಳಿಸು.

ವೈರಿನಲ್ಲಿ ಜಿಪುಣತನ ಬೇಡ. ಒಂದು ಚದರ ಮಿಲಿಮೀಟರಿನ ತೆಳು ವೈರು ಐದು ಮೀಟರ್ ಹೋಗುವಷ್ಟರಲ್ಲಿ ಹತ್ತು ಆಂಪಿಯರಿಗೆ ಸುಮಾರು ಒಂದು ವೋಲ್ಟ್ ನುಂಗುತ್ತದೆ. ಎರಡೂವರೆ ಚದರ ಮಿಲಿಮೀಟರಿನದು ಅದರ ಅರ್ಧಕ್ಕಿಂತ ಕಡಿಮೆ. ಹ್ಯಾಲೊಜೆನ್ನಿಗೆ ಹತ್ತನೇ ಒಂದು ಪಾಲು ವೋಲ್ಟೇಜ್ ಕಡಿಮೆಯಾದರೆ ಬೆಳಕು ಮೂರನೇ ಒಂದು ಪಾಲಿನಷ್ಟು ಇಳಿಯುತ್ತದೆ. ಒಳ್ಳೇ ವೈರು ಹಾಕಿದ 55 ವ್ಯಾಟ್ ಮುಂದೆ ಕಳಪೆ ವೈರಿನ 100 ವ್ಯಾಟಿಗೆ ಕೊಟ್ಟ ಹಣ ದಂಡ. ಪಾಸಿಟಿವ್ ವೈರಿಗೆ ಕೊಟ್ಟ ಮರ್ಯಾದೆಯನ್ನೇ ಅರ್ಥಿಗೂ ಕೊಡು. ಪೇಂಟ್ ಕೆರೆದು ಹೊಳೆಯುವ ತಗಡಿಗೆ ಲಗ್ ಹಾಕಿ, ಹಲ್ಲು ವಾಷರ್ ಇಟ್ಟು ಬಿಗಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರು. ಲೈಟು ಮಂಕಾಗಿದೆ ಎಂದು ಬರುವ ಗಾಡಿಗಳಲ್ಲಿ ಮೊದಲು ಅರ್ಥ್ ನೋಡು.

ನಮ್ಮ ಕಡೆ ಮಳೆ ಎಂಥದೆಂದು ನಿನಗೆ ಗೊತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ರಿಲೇಯನ್ನು ಪಿನ್ನು ಕೆಳಮುಖವಾಗಿ ಕೂರಿಸು. ವೈರು ಸ್ವಲ್ಪ ಕೆಳಗೆ ಜೋತು ಆಮೇಲೆ ಮೇಲೆ ಹತ್ತಲಿ, ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ತಗಡಿನ ತೂತು ದಾಟುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್, ಉದ್ದಕ್ಕೂ ಸುರುಳಿ ಸ್ಲೀವ್. ಲಗ್ಗನ್ನು ಒಳ್ಳೆಯ ಇಕ್ಕಳದಲ್ಲಿ ಒತ್ತಿ, ಮೇಲೆ ಬಿಸಿಗೆ ಬಿಗಿಯುವ ಸ್ಲೀವ್ ಹಾಕು. ಬೆಸುಗೆ ಹಾಕಿದ ಜಾಗದಲ್ಲಿ ವೈರು ಪೆಡಸಾಗಿ, ಗಾಡಿಯ ಅದುರಿಗೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಬರೀ ಟೇಪು ಸುತ್ತಿದ ಜಾಯಿಂಟು ಎಂಜಿನ್ ಬಿಸಿಗೆ ಅಂಟು ಬಿಟ್ಟುಕೊಳ್ಳುತ್ತದೆ.

ಲೈಟು ಎಲ್ಲಿ ಕೂರಬೇಕು ಎಂಬುದನ್ನು ಗಿರಾಕಿಯ ಆಸೆಗೆ ಬಿಡಬೇಡ. ಫಾಗ್ ಲ್ಯಾಂಪು ಬಂಪರಿನ ಮಟ್ಟದಲ್ಲಿ, ಆದಷ್ಟು ತಗ್ಗಿನಲ್ಲಿ ಇರಬೇಕು. ಗೋಡೆಯಿಂದ 25 ಅಡಿ ದೂರದಲ್ಲಿ ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿದರೆ ಬೆಳಕಿನ ಮೇಲಂಚು ಲ್ಯಾಂಪಿನ ನಡುಮಟ್ಟಕ್ಕಿಂತ ನಾಲ್ಕು ಇಂಚು ಕೆಳಗೆ ಬೀಳಬೇಕು. ಹಳದಿ ಗಾಜು ಮಂಜನ್ನು ಸೀಳುತ್ತದೆ ಎಂಬುದನ್ನು ನಂಬಿ ಕೂರಬೇಡ. ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಉಪಕಾರ ಮಾಡುವುದು ತಗ್ಗಿನ ಜಾಗ, ಅಗಲವಾದ ಬೆಳಕು, ಕತ್ತರಿಸಿದಂತಿರುವ ಮೇಲಂಚು. ಟಾಪಿನ ಮೇಲೆ ಎಲ್‌ಇಡಿ ಬಾರ್ ಕಟ್ಟಿದರೆ ಮಂಜಿನಲ್ಲಿ ಅದು ಹಾಕಿದವನ ಕಣ್ಣನ್ನೇ ಮೊದಲು ಕಟ್ಟುತ್ತದೆ.

ಕಾನೂನೂ ತಿಳಿದಿರಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಪ್ರಕಾರ ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಗಾಡಿಯ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. 106ನೇ ನಿಯಮ ಮುಂದಿನ ಲೈಟು ಎದುರಿನವರ ಕಣ್ಣು ಕುಕ್ಕಬಾರದು ಎನ್ನುತ್ತದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನೂ ಶುರುಮಾಡಿದರು. "ಊರವರೆಲ್ಲ ಹಾಕಿಸಿದ್ದಾರೆ" ಎಂದು ಗಿರಾಕಿ ಹಟ ಹಿಡಿದರೆ, ಆಗುವುದಿಲ್ಲ ಎಂದು ಹೇಳುವ ಧೈರ್ಯ ಇಟ್ಟುಕೋ. ಒಂದು ಬಾರ್ ಕಟ್ಟಿಕೊಟ್ಟ ಕೂಲಿ ಹೋದರೆ ಮನೆ ಮುಳುಗುವುದಿಲ್ಲ.

ಕೆಲಸ ಮುಗಿಯಿತೆಂದು ಕೀಲಿ ಕೊಟ್ಟು ಕಳಿಸಬೇಡ. ಎಂಜಿನ್ ಓಡಿಸಿ ಕಾಲು ಗಂಟೆ ಲೈಟು ಉರಿಸು. ಫ್ಯೂಸ್ ಹೋಲ್ಡರ್, ಲಗ್ಗು, ವೈರು ಮುಟ್ಟಿ ನೋಡು. ಬಿಸಿ ತಾಗಿದ ಕಡೆ ಕೆಲಸ ಕೆಟ್ಟಿದೆ. ಬ್ಯಾಟರಿಯಲ್ಲಿ ಒಮ್ಮೆ, ಲೈಟಿನ ಬಾಯಲ್ಲಿ ಒಮ್ಮೆ ವೋಲ್ಟೇಜ್ ಅಳೆ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಮೇಲೆ ಗಿರಾಕಿಯನ್ನು ಸೀಟಿನಲ್ಲಿ ಕೂರಿಸಿ ಅವನ ಕೈಯಲ್ಲೇ ಆರಿಸಿಸು: ಸ್ವಿಚ್ಚಿನಿಂದ ಒಮ್ಮೆ, ಮೇನ್ ಲೈಟ್ ಸ್ವಿಚ್ಚಿನಿಂದ ಒಮ್ಮೆ, ದೂರದ ಲೈಟಾದರೆ ಡಿಪ್ಪಿನಿಂದ ಒಮ್ಮೆ. ಫ್ಯೂಸ್ ಎಲ್ಲಿದೆ, ತುರ್ತಿಗೆ ಹೇಗೆ ಕೀಳಬೇಕು ಎಂದೂ ತೋರಿಸಿ, ಒಂದು ಬದಲಿ ನೀಲಿ ಫ್ಯೂಸ್ ಕೈಗಿಡು. ಇವುಗಳಲ್ಲಿ ಒಂದು ದಾರಿಯಲ್ಲಿ ಲೈಟು ಆರದಿದ್ದರೂ, ಗಿರಾಕಿ ಎಷ್ಟೇ ಅವಸರ ಮಾಡಿದರೂ, ಸರಿಮಾಡುವ ತನಕ ಆ ಗಾಡಿಯನ್ನು ನಿನ್ನ ಅಂಗಡಿಯಿಂದ ಹೊರಗೆ ಬಿಡಬೇಡ.